ದಿನವೂ ಮರೆಯುವ ಆಮೆ

"ಒಂದೇ ಒಂದು ಪ್ರಶ್ನೆ. ಕೇಳಿ ಹೊರಟುಹೋಗ್ತೀನಿ."

ಎಂಟು ತಿಂಗಳ ನಂತರ ಅವಳು ಅವನಿಗೆ ಹೇಳಿದ ಮೊದಲ ಮಾತು ಅದು. ಹೇಗಿದ್ದೀರಿ ಎಂದೂ ಕೇಳಲಿಲ್ಲ. ಜಪಾನಿ ಕಲಿಸುವ ಆ ಪುಟ್ಟ ಕೋಣೆಯಲ್ಲಿ ಮಧ್ಯಾಹ್ನದ ಪಾಠ ಆಗಷ್ಟೇ ಮುಗಿದಿತ್ತು. ಬೋರ್ಡ್ ಒರೆಸುತ್ತಿದ್ದ ಮೇಷ್ಟ್ರ ಕೈ ಅಲ್ಲೇ ನಿಂತಿತು.

"ಕೂತ್ಕೊಳ್ಳಿ, ಎಂಜಿನಿಯರ್."

ಅವನು ಕರೆಯುತ್ತಿದ್ದ ಅದೇ ಹಳೆಯ ಹೆಸರು... ಇಲ್ಲಿ ಅಳಬಾರದು ಎಂದುಕೊಂಡು ಲ್ಯಾಪ್‌ಟಾಪ್ ತೆರೆದಳು.

ಜಪಾನಿ ಕಲಿಯುವವರಿಗೆಂದು ಆನ್‌ಲೈನ್ ಅಭ್ಯಾಸದ ತಾಣವೊಂದನ್ನು ಕಟ್ಟಿದವರು ಇವರಿಬ್ಬರೇ. ವಾಕ್ಯ ಅವನದು, ಧ್ವನಿ ಅವನದು, ಪ್ರೋಗ್ರಾಂ ಅವಳದು. ಪರದೆಯ ಮೇಲೆ ಒಂದು ವಾಕ್ಯದ ಕಾರ್ಡ್ ಬರುತ್ತದೆ. 'ಗೊತ್ತು' ಒತ್ತಿದರೆ ಅದು ತಿಂಗಳುಗಟ್ಟಲೆ ಮುಖ ತೋರಿಸುವುದಿಲ್ಲ. 'ಮರೆತೆ' ಒತ್ತಿದರೆ ಮರುದಿನವೇ ಬಂದು ಎದುರಿಗೆ ನಿಲ್ಲುತ್ತದೆ. ಅವಳಿಗೆ ಮಾತ್ರ ಜಪಾನಿ ಅಷ್ಟಕ್ಕಷ್ಟೇ. ಅಡುಗೆ ಬಾರದವಳು ಒಲೆ ಕಟ್ಟಿದ ಹಾಗಾಯ್ತು ಎಂದು ಅವನು ರೇಗಿಸುತ್ತಿದ್ದ.

ಎಂಟು ತಿಂಗಳ ಹಿಂದೆ ಒಂದು ದಿನ ಪ್ರಿಂಟರ್‌ನಲ್ಲಿ ಅವನು ಬರೆದ ಜಪಾನಿ ಪತ್ರವೊಂದು ಸಿಕ್ಕಿತು. ಅವಳು ಫೋನಿನಲ್ಲಿ ಅದರ ಫೋಟೋ ತೆಗೆದು ಅನುವಾದ ಮಾಡಿಸಿದಳು. 'ವೈಯಕ್ತಿಕ ಕಾರಣದಿಂದ ಈ ಕೆಲಸ ಬಿಡುತ್ತಿದ್ದೇನೆ...' ರಾಜೀನಾಮೆ!

ಹೇಳದೆ ಕೇಳದೆ ಹೋಗುತ್ತಿದ್ದಾನೆ. ಅವನು ಬಿಡುವ ಮೊದಲು ನಾನೇ ಬಿಟ್ಟುಬಿಡುತ್ತೇನೆ, ಎಂದುಕೊಂಡಳು. ಅಂದೇ ಸಂಜೆ ಕಾರ್ಡುಗಳಿಂದ ಅವನ ಧ್ವನಿ ತೆಗೆದು ಯಂತ್ರದ ಧ್ವನಿ ಹಾಕಿದಳು. ಮರುದಿನ ಅವನು ಹೆಡ್‌ಫೋನ್ ಹಾಕಿ ಕೇಳಿದ, ಬಿಚ್ಚಿಟ್ಟ, ಹೊರಟುಹೋದ.

ಯಂತ್ರದ ಒಣ ಧ್ವನಿ ಸಹಿಸಲಾರದೆ ಕಲಿಯುವವರೂ ಒಬ್ಬೊಬ್ಬರಾಗಿ ಹೋದರು. ಉಳಿದವರು ನಲವತ್ತೊಂದು ಜನ. ಇವತ್ತು ಸಂಜೆ ಆರಕ್ಕೆ ತಾಣ ಮುಚ್ಚುತ್ತೇವೆ ಎಂದು ಅವರಿಗೆಲ್ಲ ಬರೆದಾಗಿತ್ತು. ಬೆಳಗ್ಗೆ ಕೊನೆಯ ಸಲ ದಾಖಲೆ ನೋಡುವಾಗ ಅವಳಿಗೊಂದು ವಿಚಿತ್ರ ಕಂಡಿತು.

"ಇವರನ್ನ ನೋಡಿ. 'ಆಮೆ' ಅಂತ ಹೆಸರಿಟ್ಕೊಂಡಿದ್ದಾರೆ. ಇನ್ನೂರ ನಲವತ್ತು ದಿನದಿಂದ ಒಂದೇ ಕಾರ್ಡ್‌ಗೆ ದಿನಾ 'ಮರೆತೆ' ಒತ್ತುತ್ತಿದ್ದಾರೆ. ಮೊದಲನೇ ಕಾರ್ಡ್. 'ನಾಳೆಯೂ ಬನ್ನಿ' ಅನ್ನೋದು." ಅವಳ ಧ್ವನಿ ಒಡೆಯಿತು. "ಇಷ್ಟು ಸುಲಭದ್ದನ್ನೂ ಕಲಿಸೋಕೆ ಆಗ್ಲಿಲ್ಲ ಅಂದ್ರೆ ನಾನು ಕಟ್ಟಿದ್ದಾದ್ರೂ ಏನು? ಎಲ್ಲಿ ತಪ್ಪಿದೆ ಹೇಳಿ. ಅವರಿಗೊಂದು ಉತ್ತರ ಬರೆದು ಮುಚ್ತೀನಿ."

ಆಮೆ ಬರೀ ನೆಪ ಎಂದು ಅವಳಿಗೂ ಗೊತ್ತಿತ್ತು. ಫೋನಿನಲ್ಲಿ ಕೇಳಬಹುದಾದದ್ದನ್ನು ಕೇಳಲು ಎರಡು ಬಸ್ ಬದಲಿಸಿ ಯಾರು ಬರುತ್ತಾರೆ? ಮುಚ್ಚುವ ಮೊದಲು ಒಂದು ಸಲ ಅವನ ಮುಖ ನೋಡಬೇಕಿತ್ತು, ಅಷ್ಟೇ.

ಮೇಷ್ಟ್ರ ಕಿವಿ ಕೆಂಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವನು ಮೇಜಿನ ಮೇಲಿದ್ದ ಫೋನನ್ನು ಮೆಲ್ಲನೆ ಜೇಬಿಗೆ ಸೇರಿಸಿದ.

ಅವಳು ಕಾರ್ಡ್ ಒತ್ತಿದಳು. ಬಂದದ್ದು ಯಂತ್ರದ ಧ್ವನಿಯಲ್ಲ.

"ಅಶಿತಾ ಮೋ... ಕಿತೆ ಕುದಸಾಯ್."

ತಡವರಿಸಿ, ಕೊನೆಗೆ ಕಿಸಕ್ಕನೆ ನಕ್ಕ ಹೆಣ್ಣಿನ ಧ್ವನಿ. ಮೊದಲ ದಿನ ಮೈಕ್ ಪರೀಕ್ಷೆಗೆಂದು ಅವಳೇ ಓದಿದ್ದು. ಎಲ್ಲ ಬದಲಿಸುವಾಗ ಅದೊಂದು ಹಾಗೇ ಉಳಿದುಬಿಟ್ಟಿತ್ತು.

ಅವಳು ಅವನ ಜೇಬು ನೋಡಿದಳು. ಆಮೇಲೆ ಮುಖ.

"ಆಮೆ... ನೀವಾ?"

"ಗೊತ್ತು ಅಂತ ಒತ್ತಿದ್ರೆ ತಿಂಗಳುಗಟ್ಟಲೆ ಬರಲ್ವಲ್ಲ. ನೀವೇ ಹಾಗೆ ಮಾಡಿಟ್ಟಿದ್ದು."

"ಮತ್ತೆ ರಾಜೀನಾಮೆ ಯಾಕೆ ಬರೆದ್ರಿ? ಪ್ರಿಂಟರ್‌ನಲ್ಲಿ ನಾನೇ ನೋಡಿದೆ."

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ಅದು ಹನ್ನೆರಡನೇ ಪಾಠ. ಆಫೀಸು ಪತ್ರಗಳು. ರಜೆ ಅರ್ಜಿ, ಕ್ಷಮಾಪಣೆ, ರಾಜೀನಾಮೆ. ಮೇಲ್ಗಡೆ ಜಪಾನಿಯಲ್ಲೇ 'ಮಾದರಿ' ಅಂತ ಬರೆದಿತ್ತಲ್ಲ."

"ನಾನು... ಕೆಳಗಿನ ಭಾಗದ ಫೋಟೋ ಮಾತ್ರ ತೆಗೆದೆ."

ಒಂದು ಸಾಲು. ಒಂದು ಸಾಲು ಬಿಟ್ಟು ಓದಿದ್ದಕ್ಕೆ ಎಂಟು ತಿಂಗಳು ಹೋಯಿತು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ನೀವಾದ್ರೂ ಒಂದು ಮಾತು ಕೇಳಬಾರದಿತ್ತಾ?"

"ನನ್ನ ಧ್ವನಿನೇ ಬೇಡ ಅಂದವರ ಹತ್ರ ಯಾವ ಬಾಯಲ್ಲಿ ಕೇಳಲಿ?"

"ಅಳಿಸಿಲ್ಲ... ಮೂರು ಸಾವಿರ ವಾಕ್ಯನೂ ನನ್ನ ಹತ್ರ ಇದೆ. ಅರ್ಥ ಆಗದಿದ್ರೂ ದಿನಾ ಕೇಳ್ತೀನಿ. ತಾಣ ಮುಚ್ಚಿದ್ರೆ ಮುಚ್ಚಲಿ, ನೀವಿಲ್ಲದೆ ನನ್ನ ಕೈಲಿ ಆಗ್ತಿಲ್ಲ."

ಅವನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಚಾಕ್‌ಪುಡಿ ಮೆತ್ತಿದ ಕೈಯಿಂದಲೇ ಅವಳ ಕೈ ಹಿಡಿದ.

"ನನ್ನ ಕೈಲೂ ಆಗಿಲ್ಲ, ಎಂಜಿನಿಯರ್. ದಿನಾ ಬೆಳಗ್ಗೆ ನಿಮ್ಮ ಆ ಒಂದು ವಾಕ್ಯ ಕೇಳಿನೇ ಎದ್ದಿದ್ದೀನಿ." ಗಡಿಯಾರ ನೋಡಿದ. "ಆರು ಗಂಟೆಯೊಳಗೆ ಹಳೇ ಧ್ವನಿ ವಾಪಸ್ ಹಾಕೋಕೆ ಆಗುತ್ತಾ?"

"ಆಗುತ್ತೆ. ನಲವತ್ತೊಂದು ಜನಕ್ಕೂ ಮುಚ್ಚಲ್ಲ ಅಂತ ಬರೀತೀನಿ."

"ನಲವತ್ತು. ಆಮೆಗೆ ನಾನೇ ಹೇಳ್ತೀನಿ."

ಅಳುವಿನ ನಡುವೆ ಅವಳಿಗೆ ನಗು ಬಂತು. ಅವನು ಜೇಬಿನಿಂದ ಫೋನ್ ತೆಗೆದು ಇವತ್ತು ಇನ್ನೂ ಉತ್ತರ ಒತ್ತಿರದ ಆ ಕಾರ್ಡ್ ತೆರೆದ. ಇನ್ನೂರ ನಲವತ್ತು ದಿನಗಳಲ್ಲಿ ಮೊದಲ ಬಾರಿಗೆ 'ಗೊತ್ತು' ಒತ್ತಿದ.

"ಅಯ್ಯೋ, ಇನ್ನು ತಿಂಗಳುಗಟ್ಟಲೆ ಅದು ಬರಲ್ಲ," ಎಂದಳು ಅವಳು.

"ನೀವು ಬರ್ತೀರಲ್ಲ?"

"ಬರ್ತೀನಿ," ಎಂದಳು ಕಣ್ಣೊರೆಸಿಕೊಂಡು. "ನಾಳೆಯೂ."