ಮೂವತ್ತೊಂಬತ್ತರ ರೂಪಾಯಿ

"ಇದು ನಿಮಗೆ ಎಲ್ಲಿಂದ ಸಿಕ್ಕಿದ್ದು?"

ನಾಣ್ಯದ ಮೇಲಿಟ್ಟ ಭೂತಗನ್ನಡಿಯಿಂದ ಕಣ್ಣು ತೆಗೆಯದೆ ಅವನು ಕೇಳಿದ. ಬೆಲೆ ಕೇಳಲಿಲ್ಲ. ಚೆನ್ನಾಗಿದೆ ಎನ್ನಲಿಲ್ಲ. ಪೊಲೀಸರು ಕೇಳುವ ಹಾಗೆ ಕೇಳಿದ.

ಯಶ್ಮಿತಾ ಹೊಲಿಗೆ ಮೆಷಿನ್ ನಿಲ್ಲಿಸಿ ಎದ್ದು ಬಂದಳು.

"ಅಪ್ಪನದ್ದು. ತೆಗೊಳ್ಳುದಾದ್ರೆ ರೇಟು ಹೇಳಿ. ಇಲ್ಲದಿದ್ರೆ ಕೊಡಿ ಇಲ್ಲಿ."

"ಅಪ್ಪನಿಗೆ ಯಾರು ಕೊಟ್ಟದ್ದು?"

ಆಗ ಅವನು ತಲೆಯೆತ್ತಿದ. ಶಾಂತವಾದ ಕಣ್ಣುಗಳು... ಆದರೆ ಅವುಗಳಲ್ಲಿ ನಂಬಿಕೆ ಎಂಬುದು ಎಳ್ಳಷ್ಟೂ ಇರಲಿಲ್ಲ. ಯಶ್ಮಿತಾ ನಾಣ್ಯವನ್ನು ಅವನ ಕೈಯಿಂದ ಕಸಿದುಕೊಂಡಳು.

ಅವನು ಭವಿತ್. ಸುಳ್ಯದಲ್ಲಿ ವಾಚು ರಿಪೇರಿ ಅಂಗಡಿ, ಜೊತೆಗೆ ಹಳೆ ನಾಣ್ಯಗಳ ಹುಚ್ಚು. ಸಂಗ್ರಹಕಾರರ ವಾಟ್ಸಾಪ್ ಗುಂಪಿನಲ್ಲಿ ಅವಳು ಹಾಕಿದ ಫೋಟೋ ನೋಡಿ ಕುಂಬ್ರದ ಅವಳ ಹೊಲಿಗೆ ಅಂಗಡಿಯವರೆಗೆ ಬಂದಿದ್ದ.

ಅದು 1939ರ ಬೆಳ್ಳಿ ರೂಪಾಯಿ. ಆ ವರ್ಷದ್ದು ಸಿಗುವುದೇ ಅಪರೂಪ, ಅಸಲಿಯಾದರೆ ಲಕ್ಷಗಟ್ಟಲೆ ಬೆಲೆ ಎಂದು ಗುಂಪಿನವರೆಲ್ಲ ಬರೆದಿದ್ದರು. ಜೀಪು ಓಡಿಸುತ್ತಿದ್ದ ಅಪ್ಪ ತ್ಯಾಂಪಣ್ಣ ತೀರಿಕೊಂಡು ಮೂರು ವರ್ಷವಾಗಿತ್ತು. ಬದುಕಿದ್ದಾಗ ನಾಣ್ಯದ ಸುದ್ದಿ ಎತ್ತಿದರೆ ಸಾಕು, "ಅದು ಮಾರ್ಲಿಕ್ಕೆ ಅಲ್ಲ" ಎಂದು ಎದ್ದು ಹೋಗುತ್ತಿದ್ದರು.

ಅಪ್ಪನ ಮಾತು ಮೀರಲು ಯಶ್ಮಿತಾಳಿಗೆ ಮನಸ್ಸಿಲ್ಲ. ಆದರೆ ಪುತ್ತೂರು ಪೇಟೆಯಲ್ಲಿ ಒಂದು ಅಂಗಡಿ, ಕಂಪ್ಯೂಟರ್ ಕಸೂತಿಯ ಮೆಷಿನ್... ಮೂವತ್ತು ತುಂಬುವ ಮೊದಲು ಆಗಬೇಕೆಂದು ಅವಳು ಕಂಡ ಕನಸು ಅದು. ಮಾರಲೋ, ಇಟ್ಟುಕೊಳ್ಳಲೋ ಎಂದು ತಿಂಗಳುಗಟ್ಟಲೆ ಒದ್ದಾಡಿದ ಮೇಲೆ ಫೋಟೋ ಹಾಕಿದ್ದಳು.

ಮುಂದಿನ ಮಂಗಳವಾರ ಭವಿತ್ ಮತ್ತೆ ಬಂದ. ಪ್ಯಾಂಟಿನ ಉದ್ದ ಕಡಿಮೆ ಮಾಡಬೇಕಂತೆ.

"ಸುಳ್ಯದಲ್ಲಿ ಟೈಲರ್ ಇಲ್ವಾ?"

"ಇದ್ದಾರೆ. ಸರಿ ಮಾಡುದಿಲ್ಲ."

ಅದರ ಮುಂದಿನ ವಾರ, ಅಂಗಡಿಗೆ ಚಾ ತಂದಿದ್ದ ಅಮ್ಮ ಹರಿಣಾಕ್ಷಿಯ ನಿಂತುಹೋಗಿದ್ದ ಕೈಗಡಿಯಾರವನ್ನು ಕೇಳಿ ಪಡೆದು, ಅಲ್ಲೇ ಕುಳಿತು ರಿಪೇರಿ ಮಾಡಿಕೊಟ್ಟ. ಮಾತಿನ ನಡುವೆ ಅಪ್ಪ ಯಾವ ಕಡೆಗೆಲ್ಲ ಬಾಡಿಗೆಗೆ ಹೋಗುತ್ತಿದ್ದರು, ಯಾರ ಪರಿಚಯ ಇತ್ತು ಎಂದೆಲ್ಲ ಕೇಳಿದ. ಅಮ್ಮನಿಗೆ ಹುಡುಗ ಹಿಡಿಸಿಬಿಟ್ಟಿದ್ದ.

ಯಶ್ಮಿತಾ ಮಾತ್ರ ಅಂಗಡಿಯಲ್ಲಿ ನಾಣ್ಯವಿಟ್ಟ ಕಪಾಟಿಗೆ ಹೊಸ ಬೀಗ ತಂದಳು.

'ಇವನಿಗೆ ಬೇಕಾದದ್ದು ನಾಣ್ಯ. ನಯವಾಗಿ ಮಾತಾಡಿ ಅಗ್ಗಕ್ಕೆ ಹೊಡೆಯುವ ಅಂದಾಜು...'

ಹೀಗೆ ಅಂದುಕೊಂಡವಳೇ ಮಂಗಳವಾರ ಬಂದರೆ ಸುಳ್ಯದ ಬಸ್ಸು ನಿಂತ ಸದ್ದಿಗೆ ಕಿವಿಗೊಡುತ್ತಿದ್ದಳು. ಅದಕ್ಕಾಗಿ ತನ್ನ ಮೇಲೆಯೇ ಅವಳಿಗೆ ಸಿಟ್ಟು.

ಅಷ್ಟರಲ್ಲಿ ಕಡಬದ ಶಾಫಿ ಎಂಬ ಹಳೆ ಸಾಮಾನಿನ ವ್ಯಾಪಾರಿ ಫೋನ್ ಮಾಡಿದರು. ಎರಡು ಲಕ್ಷಕ್ಕೆ ಅವರು ತಯಾರು, ಗುರುವಾರ ಬರುತ್ತಾರೆ. ಭವಿತ್ ಬಂದಾಗ ಅವಳು ಬೇಕೆಂದೇ ಅದನ್ನು ಹೇಳಿದಳು.

ಅವನ ಮುಖ ಬಿಳಿಚಿಕೊಂಡಿತು. "ಮಾರ್ಬೇಡಿ."

"ಯಾಕೆ? ನಿಮಗೆ ಕಮ್ಮಿಗೆ ಬೇಕಿತ್ತಾ?"

"ಅದಕ್ಕಲ್ಲ..."

"ಮತ್ತೆ ಎಂತ? ಇಷ್ಟು ದಿನ ಇಲ್ಲಿಗೆ ಬಂದದ್ದು ಎಂತಕ್ಕೆ? ಇವತ್ತು ಸರಿಯಾಗಿ ಹೇಳಿ."

ಭವಿತ್ ಕಪಾಟಿನಿಂದ ನಾಣ್ಯ ತರಿಸಿ, ಭೂತಗನ್ನಡಿಯನ್ನು ಅವಳ ಮುಂದಿಟ್ಟ.

"ಕೊನೆಯ ಒಂಬತ್ತು ನೋಡಿ. ಅದು ಒಂಬತ್ತಲ್ಲ. ಎಂಟರ ಕೆಳಗಿನ ಸೊನ್ನೆಯ ಎಡಗಡೆ ಕೆತ್ತಿ ತೆಗೆದು ಒಂಬತ್ತು ಮಾಡಿದ್ದು. ಮೂವತ್ತೆಂಟರ ರೂಪಾಯಿ ಇದು, ಬೆಳ್ಳಿಯ ಬೆಲೆಗಿಂತ ಸ್ವಲ್ಪ ಜಾಸ್ತಿ ಸಿಗ್ಬಹುದು ಅಷ್ಟೆ."

ಅವಳು ಬಗ್ಗಿ ನೋಡಿದಳು. ಅಂಕಿಯ ಎಡಕ್ಕೆ ಕೂದಲೆಳೆಯಂಥ ಗೀರು ಕಂಡಿತು.

"ನನ್ನ ಮಾವ ಚನಿಯಪ್ಪ ಇಂಥದ್ದೇ ಒಂದು ತೆಗೊಂಡು ಮೋಸ ಹೋದ್ರು. ಅದರಲ್ಲೂ ಇದೇ ಗೀರು, ಇದೇ ಕೈ. ಮಾಡಿದವನನ್ನು ಹುಡುಕ್ತಾ ಇದ್ದೆ. ಫೋಟೋ ನೋಡಿದಾಗ..."

"ನೋಡಿದಾಗ?"

"ಮಾರಿದವನಿಗೆ ಕೆತ್ತಿ ಕೊಟ್ಟದ್ದು ನಿಮ್ಮ ಮನೆಯವರೇ ಇರ್ಬಹುದು ಅಂತ ಅನ್ನಿಸಿತು."



"ನನ್ನ ಅಪ್ಪ ಕಳ್ಳ ಅಂತ ಎಣಿಸಿ, ನನ್ನ ಅಮ್ಮನ ಕೈಯಿಂದ ಚಾ ಕುಡಿದ್ರಿ ಅಲ್ವಾ?" ಅವಳು ಭೂತಗನ್ನಡಿಯನ್ನು ಅವನ ಕಡೆಗೆ ತಳ್ಳಿದಳು. "ಹೋಗಿ. ಇನ್ನು ಈ ಮೆಟ್ಟಿಲು ಹತ್ಬೇಡಿ."

ಅವನು ಇಳಿದು ಹೋದ.

ಮನೆಗೆ ಬಂದವಳು ಅಮ್ಮನನ್ನು ಕೂರಿಸಿಕೊಂಡು ನಾಣ್ಯ ಎಲ್ಲಿಂದ ಬಂತೆಂದು ಕೇಳಿದಳು. ಕೇಳುವಾಗ ಅವಳಿಗೆ ಭಯ. ಕೆತ್ತಿದ್ದು ಅಪ್ಪನೇ ಆಗಿದ್ದರೆ...

"ಸಂಪಾಜೆಯಲ್ಲಿ ಒಬ್ಬ ಲಾರಿಯವನ ಹತ್ರ ತೆಗೊಂಡದ್ದು," ಅಮ್ಮ ನಿಧಾನವಾಗಿ ಹೇಳಿದಳು. "ಅವನಿಗೆ ಒಂದು ಕಿವಿ ಅರ್ಧವೇ ಇದ್ದದ್ದಂತೆ. ನನ್ನ ಎರಡು ಬಳೆ ಮಾರಿ ಹಣ ಕೊಟ್ರು. ನಿನ್ನ ಹೆಸರಿಗೆ ಜಾಗ ತೆಗೀಬೇಕು ಹೇಳ್ತಿದ್ರು. ಆಮೇಲೆ ಮಾರ್ಲಿಕ್ಕೆ ಮೈಸೂರಿಗೆ ಹೋದವರು ಹಾಗೇ ವಾಪಸ್ ಬಂದ್ರು. ಎರಡು ದಿನ ಊಟ ಮಾಡ್ಲಿಲ್ಲ. ಕಾಣಿಯೂರಿನವರೊಬ್ರು ಮನೆಗೇ ಬಂದು ಕೇಳಿದ್ರೂ ಕೊಡ್ಲಿಲ್ಲ. ಅಷ್ಟು ಇಷ್ಟ ಆಗಿರ್ಬೇಕು ಅಂತ ನಾನು ಎಣಿಸಿದ್ದೆ..."

ಯಶ್ಮಿತಾ ಅಮ್ಮನ ಬರಿಗೈಯನ್ನು ಹಿಡಿದುಕೊಂಡಳು. ಅದು ತಿದ್ದಿದ್ದೆಂದು ಅಪ್ಪನಿಗೆ ಮೈಸೂರಿನಲ್ಲೇ ಗೊತ್ತಾಗಿತ್ತು. ತಾನು ಮೋಸ ಹೋದದ್ದನ್ನು ಇನ್ನೊಬ್ಬರಿಗೆ ದಾಟಿಸಲು ಅವರಿಗೆ ಮನಸ್ಸಾಗಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಎಸೆಯಲು ಸಂಕಟ. ಎಲ್ಲವನ್ನೂ ಒಬ್ಬರೇ ನುಂಗಿದ್ದರು.

ಗುರುವಾರ ಶಾಫಿ ಬಂದರು. ಕನ್ನಡಕ ಏರಿಸಿ, ನಾಣ್ಯವನ್ನು ಎರಡು ಸಲ ತಿರುಗಿಸಿ ನೋಡಿದರು.

"ಲಾಯ್ಕುಂಟು. ಹಣ ತಂದಿದ್ದೇನೆ ತಂಗಿ."

ಅವರಿಗೆ ಗೀರು ಕಂಡಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು... ಪುತ್ತೂರಿನ ಅಂಗಡಿ ಕಣ್ಣ ಮುಂದೆ ಬಂದು ನಿಂತಿತು. ಅದರ ಬಾಗಿಲು, ಬೋರ್ಡು ಕೂಡ. ಒಂದು ಗಳಿಗೆ ಅವಳು ನಿಜಕ್ಕೂ ಸುಮ್ಮನಿದ್ದಳು.

ನಂತರ ಸೂಜಿಯ ಮೊನೆಯನ್ನು ಅಂಕಿಯ ಪಕ್ಕಕ್ಕೆ ಹಿಡಿದಳು.

"ಇಲ್ಲಿ ನೋಡಿ ಸಾಹೇಬ್ರೆ. ಇದನ್ನು ತಿದ್ದಿದ್ದಾರೆ. ಅಪ್ಪನಿಗೂ ಯಾರೋ ಮೋಸ ಮಾಡಿದ್ದು. ನಾನು ಮಾರುದಿಲ್ಲ."

ಶಾಫಿ ತುಂಬಾ ಹೊತ್ತು ನೋಡಿ ಕನ್ನಡಕ ತೆಗೆದರು. "ನಾನು ಮುಳುಗ್ತಿದ್ದೆ ಮಾರಾಯ್ತಿ," ಎಂದಷ್ಟೇ ಹೇಳಿದರು. ಅಂದು ಸಂಜೆಯೇ ಗುಂಪಿನಲ್ಲಿ ಅವಳ ಹೆಸರು ಹಾಕಿ ನಡೆದದ್ದನ್ನೆಲ್ಲ ಬರೆದರು.

ಅದನ್ನು ಓದಿದ ಭವಿತ್ ಭಾನುವಾರ ಮನೆಯಂಗಳದಲ್ಲಿ ನಿಂತಿದ್ದ. ಜೊತೆಗೆ ಕೋಲೂರಿದ ಒಬ್ಬ ಹಿರಿಯರು. ಮಾವ ಚನಿಯಪ್ಪ.

"ಅಮ್ಮ, ನಿಮ್ಮವರಿಗೆ ಮಾರಿದವನ ಕಿವಿ ಹೇಗಿತ್ತು ಹೇಳಿದ್ದಾರಾ?" ಹಿರಿಯರು ಕೇಳಿದರು.

"ಅರ್ಧ ಇದ್ದದ್ದಂತೆ."

ಚನಿಯಪ್ಪ ಜಗಲಿಯಲ್ಲಿ ಕುಸಿದು ಕುಳಿತರು. "ಅವನೇ. ನಾನು ಪೆದ್ದ ಅಂತ ಇಷ್ಟು ವರ್ಷ ಊರಿನವರಿಗೆ ಮುಖ ತೋರಿಸ್ಲಿಲ್ಲ. ನಿಮ್ಮವರು ಇದ್ದಿದ್ರೆ ಇಬ್ರೂ ಒಟ್ಟಿಗೆ ನಗಾಡ್ಬಹುದಿತ್ತು."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹಿರಿಯರಿಗೆ ನೀರು ತರಲು ಒಳಗೆ ಹೋದಳು.

ಭವಿತ್ ಬಾವಿಕಟ್ಟೆಯ ಹತ್ತಿರ ನಿಂತಿದ್ದ ಯಶ್ಮಿತಾಳ ಬಳಿಗೆ ಬಂದ.

"ತಪ್ಪಾಯ್ತು. ಅಪ್ಪನ ಬಗ್ಗೆ ಹಾಗೆ ಎಣಿಸಿದ್ದಕ್ಕೆ."

"ಮೊದಲ ದಿನವೇ ಗೀರು ಕಂಡಿತ್ತಲ್ಲ. ಅವತ್ತೇ ಯಾಕೆ ಹೇಳ್ಲಿಲ್ಲ?"

"ಅವತ್ತು ನಿಮ್ಮ ಮೇಲೆ ಅನುಮಾನ ಇತ್ತು."

"ಎರಡನೇ ವಾರ?"

"ಅರ್ಧ ಹೋಗಿತ್ತು."

"ಮೂರನೇ ವಾರ?"

ಅವನು ನೆಲ ನೋಡಿದ. "ಪೂರ್ತಿ ಹೋಗಿತ್ತು. ಆದ್ರೆ ಹೇಳಿಬಿಟ್ರೆ ಮತ್ತೆ ಬರ್ಲಿಕ್ಕೆ ಕಾರಣ ಇರ್ತಿರ್ಲಿಲ್ಲ, ಯಶ್ಮಿತಾ."

ಅವಳು ಇಷ್ಟು ದಿನ ಹೊತ್ತ ಸಿಟ್ಟನ್ನು ಹುಡುಕಿದಳು, ಸಿಗಲಿಲ್ಲ.

"ನಾನೂ ಕಪಾಟಿಗೆ ಹೊಸ ಬೀಗ ಹಾಕಿದ್ದೆ. ನಿಮ್ಮ ಹೆದರಿಕೆಗೆ."

"ಈಗ?"

"ಕೀಲಿ ಎಲ್ಲಿಟ್ಟಿದ್ದೇನೆ ಅಂತಲೇ ನೆನಪಿಲ್ಲ."

ಅವನು ಮೊದಲ ಸಲ ನಕ್ಕ. ಅವಳು ತುಂಬಾ ಮೆಲ್ಲಗೆ ಹೇಳಿದಳು:

"ಇನ್ನು ಕಾರಣ ಬೇಡ. ಸುಮ್ಮನೆ ಬನ್ನಿ."