ನನಗಿಂತ ಮುಂಚೆ ಹೋದವಳು

ಗುಡ್ಡದ ಮೇಲಿನ ಊರಾದ ಕೆಫ್‌ನಿಂದ ತಬರ್ಕಾದ ಕಡಲತೀರದವರೆಗೆ ನಾನೊಬ್ಬಳೇ ಸೈಕಲ್ ತುಳಿಯುತ್ತಿದ್ದ ಮೂರನೆಯ ದಿನ ನಡೆದದ್ದಿದು. ಬೆಳಿಗ್ಗೆ ಗೋಧಿ ಹೊಲಗಳ ನಡುವಿನ ಹಳ್ಳಿಯೊಂದರಲ್ಲಿ ತಬೂನಾ ಎಂಬ ಮಣ್ಣಿನ ಒಲೆಯಲ್ಲಿ ರೊಟ್ಟಿ ಸುಡುತ್ತಿದ್ದ ಹೆಂಗಸು ನನ್ನನ್ನು ನೋಡಿ ನಕ್ಕಳು. "ಮತ್ತೆ ಬಂದ್ಯಾ ದೊರ್ಸಾಫ್? ಹೊಟ್ಟೆ ತುಂಬ್ಲಿಲ್ವೇನೇ?"

ನಾನು ಆ ಊರಿಗೆ ಕಾಲಿಟ್ಟದ್ದೇ ಮೊದಲು. ನನ್ನ ಹೆಸರು ಅವಳಿಗೆ ಹೇಗೆ ಗೊತ್ತು? ಅವಳು ತೋರಿಸಿದ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಸೀದ ಅಂಚನ್ನು ನಾನು ಮಾಡುವ ಹಾಗೆಯೇ ಕಿತ್ತು ಪಕ್ಕಕ್ಕಿಡಲಾಗಿತ್ತು. ಅದರೆದುರಿನ ಚಾಪೆ ಅಂಥ ಬಿಸಿಲಿನಲ್ಲೂ ಬಾವಿಯ ಕಲ್ಲಿನಂತೆ ತಣ್ಣಗಿತ್ತು.

ಮುಂದಿನ ಊರಿನ ಚಹಾದಂಗಡಿಯವನೂ ಕೇಳಿದ, "ಈಗಷ್ಟೇ ಹೋದ್ಯಲ್ಲಮ್ಮ, ದಾರಿ ತಪ್ತಾ?"

ಕಾಡಿನ ಕವಲಿನಲ್ಲಿ ಸೈಕಲ್ಲಿನ ಗಾಲಿಗುರುತೊಂದು ಎಡಕ್ಕೆ, ತಬರ್ಕಾದ ದಾರಿಗೆ ಹೊರಳಿತ್ತು. ಆ ಕಡೆಯಿಂದ ನನ್ನ ಸೈಕಲ್ ಗಂಟೆಯದೇ ಒಡಕು ದನಿ ಎರಡು ಸಲ ಕೇಳಿಸಿತು. ನಾನು ಗಂಟೆ ಮುಟ್ಟಿರಲಿಲ್ಲ. ಹಿಂದೆ ನೋಡದೆ ಬಲಗಡೆಯ ಸುತ್ತುದಾರಿ ಹಿಡಿದು ಏರು ಹತ್ತಿದೆ.

ಸಂಜೆ ಸಿಕ್ಕ ಹಳ್ಳಿಯಲ್ಲಿ ಆಡು ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಯಾರಮ್ಮ ನೀನು? ಈ ಕಡೆ ಯಾವತ್ತೂ ನೋಡಿಲ್ವಲ್ಲ!"

ಆ ಮಾತಿಗೆ ಎದೆಯ ಭಾರವೆಲ್ಲ ಇಳಿದು ಅಲ್ಲೇ ಅತ್ತುಬಿಟ್ಟೆ. ಅವನ ಹೆಂಡತಿ ಕೊಟ್ಟ ಬಿಸಿ ಬಾರ್ಲಿ ಗಂಜಿ ಕುಡಿದು ಅಮ್ಮನಿಗೆ ಫೋನ್ ಮಾಡಿದೆ. "ಕ್ಷೇಮವಾಗಿದ್ದೀನಮ್ಮ."

"ಎಷ್ಟು ಸಲ ಹೇಳ್ತೀಯೆ ಅದನ್ನ?" ಅಮ್ಮ ನಕ್ಕಳು. "ಕಡಲಲ್ಲಿ ಕಾಲಿಟ್ಕೊಂಡು ಕೂತಿದ್ದೀನಿ ಅಂತ ಮಧ್ಯಾಹ್ನಾನೇ ಫೋನ್ ಮಾಡಿದ್ಯಲ್ಲ."