ಕಣ್ಣಿಲ್ಲದ ಕ್ಯಾಮೆರಾ

ಗೋಡೌನಿನ ಬೀಗ ಒಡೆದಿರಲಿಲ್ಲ. ಒಳಗಿದ್ದ ಆರು ಮೂಟೆ ಕಾಳುಮೆಣಸು ಮಾತ್ರ ಇರಲಿಲ್ಲ.

ಬಾಳೂರಿನ ಆ ಎಸ್ಟೇಟಿನಲ್ಲಿ ಯಜಮಾನ ಪರಮೇಶ್ವರಪ್ಪನವರನ್ನು ಬಿಟ್ಟರೆ ಬೀಗದ ಕೈ ಇದ್ದದ್ದು ಮೂವರ ಹತ್ತಿರ — ಲೆಕ್ಕ ಬರೆಯುವ ರೈಟರ್ ಚನ್ನಕೇಶವ, ಮೇಸ್ತ್ರಿ ಲಕ್ಕಯ್ಯ, ಯಜಮಾನರ ಅಕ್ಕನ ಮಗ ರೇಣುಕಪ್ರಸಾದ್.

ಪರಮೇಶ್ವರಪ್ಪ ಹೆಚ್ಚು ಯೋಚಿಸಲಿಲ್ಲ. "ಬಾಗಿಲ ಮೇಲಿನ ಕ್ಯಾಮೆರಾ ಡಮ್ಮಿ ಅಂತ ಗೊತ್ತಿದ್ದವನೇ ಕದ್ದಿದ್ದು. ಅದನ್ನ ಮಾಡಿಕೊಟ್ಟವಳು ನಿನ್ನ ಮಗಳು. ಕಳ್ಳ ನೀನೇ, ಚನ್ನಕೇಶವ! ನಾಳೆ ಕತ್ತಲಾಗೋದ್ರೊಳಗೆ ಮನೆ ಖಾಲಿ ಮಾಡು!"

ಕೂಲಿಯವರೆಲ್ಲ ನೋಡುತ್ತಿದ್ದರು. ಚನ್ನಕೇಶವ ತಲೆ ತಗ್ಗಿಸಿದ.

ಮಗಳು ಸ್ವಾತಿ ತಗ್ಗಿಸಲಿಲ್ಲ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುವವಳು. ಮಧ್ಯಾಹ್ನ ಏಣಿ ಹಾಕಿ ಕ್ಯಾಮೆರಾ ಡಬ್ಬಿ ಇಳಿಸಿದಳು, ಬಿಚ್ಚಿ ನೋಡಿದಳು, ಹಲ್ಲು ಕಚ್ಚಿಕೊಂಡು ಮುಚ್ಚಿದಳು.

ಮರುದಿನ ಸಂಜೆ ಕಾಫಿ ಹಣ್ಣು ತೂಗುವ ಹೊತ್ತು. ಕಣದಲ್ಲಿ ನಲವತ್ತು ಜನ. ಸ್ವಾತಿ ಮೇಜಿನ ಮೇಲೆ ಕೆಂಪು ಎಲ್‌ಇಡಿ, ಒಂದು ಬ್ಯಾಟರಿ, ಎಂಟು ಕಾಲಿನ ಕರಿ ಚಿಪ್, ನಾಲ್ಕಾರು ಬಿಡಿಭಾಗ ಹರವಿದಳು.

"ಸಾಮಾನು ಕಟ್ಟೋದು ಬಿಟ್ಟು ಇದೇನು ಆಟ?" ಪರಮೇಶ್ವರಪ್ಪ ಗದರಿದರು.

"ಐದು ನಿಮಿಷ, ಯಜಮಾನ್ರೇ."

ಜೋಡಿಸಿ ಮುಗಿಸಿದಳು. ದೀಪ ಹತ್ತಿತು, ಆರಿತು, ಹತ್ತಿತು.

"ನಿಮ್ಮ ಕ್ಯಾಮೆರಾದೊಳಗೆ ಇದ್ದದ್ದು ಇಷ್ಟೇ. ಈ ಚಿಪ್ ಬರೀ ಟೈಮರ್, ದೀಪ ಮಿನುಗಿಸುತ್ತೆ. ಲಕ್ಕಯ್ಯಣ್ಣ, ನಿಮಗೆ ಗೊತ್ತಿತ್ತಾ?"

"ಬ್ಯಾಟರಿ ಬದಲಿಸೋನು ನಾನೇ ಅಲ್ವಾ? ಕಣ್ಣೇ ಇಲ್ಲದ ಕ್ಯಾಮೆರಾ ಅಂತ ನಕ್ಕಿದ್ದೆ."

"ರೇಣುಕಣ್ಣ, ನಿಮಗೆ?"

"ನಾನು ಬಂದು ಹತ್ತು ದಿನ ಆಯ್ತಷ್ಟೆ, ನನಗ್ಯಾರು ಹೇಳ್ತಾರೆ? ನಿಜವಾದ್ದೇ ಅಂದ್ಕೊಂಡಿದ್ದೆ." ರೇಣುಕಪ್ರಸಾದ್ ನಕ್ಕ. "ಹಾಗಂದ್ಕೊಂಡೋನು ಅದರ ಎದುರಿಗೇ ಕದೀತಾನಾ, ಮಾರಾಯ್ತಿ?"

ಸ್ವಾತಿ ಹಳೆಯ ಡಬ್ಬಿ ಬಿಚ್ಚಿ ಎತ್ತಿ ಹಿಡಿದಳು. ದೀಪವಿತ್ತು, ಬ್ಯಾಟರಿಯಿತ್ತು. ಚಿಪ್ ಇರಬೇಕಾದ ಜಾಗ ಖಾಲಿ.

"ಇದೆಲ್ಲಿ ಹೋಯ್ತು?"

"ಇಲಿ ಕಚ್ಕೊಂಡು ಹೋಗಿರಬೇಕು," ರೇಣುಕಪ್ರಸಾದನ ನಗು ಸಣ್ಣದಾಯಿತು.

"ಸ್ಕ್ರೂ ಬಿಚ್ಚಿ, ಚಿಪ್ ಕಿತ್ತು, ಮತ್ತೆ ಸ್ಕ್ರೂ ಹಾಕೋ ಇಲಿಯಾ?"

ಯಾರೋ ಕಿಸಕ್ಕೆಂದರು.

"ಕಳುವಾದ ರಾತ್ರಿಯಿಂದ ಕ್ಯಾಮೆರಾದ ದೀಪ ಮಿನುಗ್ತಿಲ್ಲ. ಬ್ಯಾಟರಿ ಮುಗೀತು ಅಂದ್ಕೊಂಡ್ರಿ. ಯಾರೂ ಬಿಚ್ಚಲಿಲ್ಲ. ಡಮ್ಮಿ ಅಂತ ಗೊತ್ತಿದ್ದವನು ಅದನ್ನ ಮುಟ್ಟೋದೇ ಇಲ್ಲ, ಯಜಮಾನ್ರೇ. ಆತುರದಲ್ಲಿ ಅದನ್ನ ಮರೆತಿದ್ದ ಕಳ್ಳನಿಗೆ ನೆನಪಾದದ್ದು ಕದ್ದಮೇಲೆ. ಮುಖ ರೆಕಾರ್ಡ್ ಆಯ್ತು ಅಂತ ಹೆದರಿದ, ಟೈಮರನ್ನ ಮೆಮೊರಿ ಅಂದ್ಕೊಂಡು ಕಿತ್ತ. ಅಪ್ಪನಿಗೆ ಗೊತ್ತಿತ್ತು. ಲಕ್ಕಯ್ಯಣ್ಣನಿಗೂ ಗೊತ್ತಿತ್ತು. ಬೀಗದ ಕೈ ಇದ್ದೂ ಗೊತ್ತಿಲ್ಲದವರು ಒಬ್ಬರೇ — ಈಗ ತಾನೇ ಅವರ ಬಾಯಲ್ಲೇ ಕೇಳಿದ್ರಿ."

"ಮಾವ..." ಎಂದ ರೇಣುಕಪ್ರಸಾದ್. ಒಂದು ಹೆಜ್ಜೆ ಹಿಂದೆ ಸರಿದ.

ಪರಮೇಶ್ವರಪ್ಪ ಹತ್ತಿರ ಬಂದು ದನಿ ತಗ್ಗಿಸಿದರು. "ನಿನ್ನೆಯೇ ಗೊತ್ತಿದ್ದರೆ ಮನೆಯೊಳಗೆ ಬಂದು ಹೇಳಬಾರದಿತ್ತಾ?"

"ಬೇಕಂತಲೇ ಕಾದೆ," ಸ್ವಾತಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ಅಪ್ಪನ್ನ ಕಳ್ಳ ಅನ್ನುವಾಗ ನೀವೇನು ಮನೆಯೊಳಗೆ ಕರೆದಿದ್ರಾ?"